ಎಡರೆಕ್ಕೆಯ ಬಣ್ಣ

ರೀ ವಾರ್ಡನ್ ಸಾಹೇಬರೇ,

ಇವತ್ತೂ ಆಸ್ಪತ್ರೆಯಲ್ಲಿ ನನಗೇ ಭಾನುವಾರದ ಡ್ಯೂಟಿ ಹಾಕಿದ್ದಾರೆ. ಇದು ಮೂರನೇ ವಾರ. ನೀವು ಬಂದು, ಮತ್ತೆ ತಲಕಾಡಿನ ಹಾಸ್ಟೆಲಿಗೆ ನಾಲ್ಕರ ಬಸ್ಸು ಹಿಡಿಯುವ ಹೊತ್ತಿಗೂ ನಾನು ಬಂದಿರುವುದಿಲ್ಲ.

ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ. ಮೊದಲು ತಿನ್ನಿ, ಆಮೇಲೆ ನಿಮ್ಮ ಪುಟ್ಟ ಯುದ್ಧವಿಮಾನದ ಮಾದರಿಯ ಮುಂದೆ ಕೂರಿ. ಬಣ್ಣದ ಕೈಯಲ್ಲಿ ತಟ್ಟೆ ಮುಟ್ಟಬೇಡಿ.

ನೀವು ಬರೆದಿಟ್ಟಂತೆ ರೆಕ್ಕೆಗೆ ಹಸಿರು, ಕಂದು ಎರಡೂ ಹಚ್ಚಿದ್ದೇನೆ. ಕಂದು ತೀರಾ ಹೊಸ ಆಟಿಕೆಯ ಹಾಗೆ ಕಂಡಿತು. ಒಂದು ಹನಿ ಬಿಳಿ ಬೆರೆಸಿದೆ. ಈಗ ಬಿಸಿಲಲ್ಲಿ ನಿಂತು ಮಾಸಿದ ಹಾಗಿದೆ. ಪ್ರೊಪೆಲ್ಲರ್ ತುದಿಗೆ ಹೊಸಿಲಿಗೆ ತಂದಿದ್ದ ಹಳದಿಯನ್ನೇ ಹಚ್ಚಿದೆ. ಬೈಯಬೇಡಿ, ಚೆನ್ನಾಗಿ ಒಪ್ಪಿದೆ.

ಒಂದು ತಪ್ಪು ಮಾಡಿದೆ. ಬಣ್ಣ ಸವೆದು ಒಳಗಿನ ಲೋಹ ಕಂಡ ಹಾಗಿರಲೆಂದು ಎರಡೂ ರೆಕ್ಕೆಗೆ ಸ್ಪಂಜಿನಿಂದ ಬೆಳ್ಳಿ ಬಣ್ಣ ಒತ್ತಿಬಿಟ್ಟೆ. ಆಮೇಲೆ ನಿಮ್ಮ ಮಾತು ನೆನಪಾಯಿತು: "ಪೈಲಟ್ ಹತ್ತೋದು ಎಡಗಡೆಯಿಂದ ಕಣೇ. ಅವನು ದಿನಾ ಕಾಲಿಡೋ ಕಡೆ ಮಾತ್ರ ಬಣ್ಣ ಸವೀಬೇಕು." ಬಲಗಡೆಯದನ್ನು ಅಳಿಸಿ ಮತ್ತೆ ಹಸಿರು ಹಚ್ಚಿದ್ದೇನೆ. ಇನ್ನೂ ಒಣಗಿಲ್ಲ, ಮುಟ್ಟಬೇಡಿ.

ಬೀಗ ಹಾಕಿಕೊಂಡು ಹೊರಡುವಾಗ ನಮ್ಮ ಮನೆ ಮೆಟ್ಟಿಲು ಒಮ್ಮೆ ನೋಡಿ. ಗೌರಿ ಹಬ್ಬಕ್ಕೆ ಹಚ್ಚಿದ ಕೆಂಪು ಬಣ್ಣ ನಾನು ದಿನಾ ಹತ್ತಿಳಿಯುವ ಕಡೆ ಪೂರ್ತಿ ಹೋಗಿ ಸಿಮೆಂಟು ಕಾಣುತ್ತಿದೆ. ನೀವು ವಾರಕ್ಕೊಮ್ಮೆ ಬಂದು ಚಪ್ಪಲಿ ಬಿಡುವ ಕಡೆ, ಹಚ್ಚಿದ ದಿನ ಹೇಗಿತ್ತೋ ಹಾಗೇ ಇದೆ.

ಚಂಪಕ