ಆರಾಮಿಲ್ಲ ಅಂತ ಫೋನ್ ಬಂದರೆ

ಸಿರುಗುಪ್ಪ
೧೪ ನವೆಂಬರ್ ೨೦೨೪, ಗುರುವಾರ

ನನ್ನ ಕೂಸು ರೇಣುಕಾ,

ಹೇಗಿದ್ದೀ? ಹಾಸ್ಟೆಲಿನ ನೀರು ಕುಡಿದು ಹೊಟ್ಟೆ ಕೆಟ್ಟಿತ್ತಲ್ಲ, ಸರಿಹೋಯಿತೇ? ನಾನು ಗಟ್ಟಿಮುಟ್ಟಾಗಿದ್ದೇನೆ. ಇದನ್ನು ಚೆನ್ನಾಗಿ ನೆನಪಿಡು.

ಸಿಟ್ಟಾಗಬೇಡ, ಮೊದಲು ನನಗೆ ನಿನ್ನ ಮೇಲೇ ಅನುಮಾನವಿತ್ತು. ಎಂ.ಎಸ್ಸಿ. ಕಂಪ್ಯುಟೇಷನಲ್ ಸೈನ್ಸ್ ಅನ್ನುತ್ತೀ. ಹಬ್ಬಕ್ಕೆ ಬಾ ಅಂದರೆ, 'ಅವ್ವಾ, ಕಂಪ್ಯೂಟರಿನ್ಯಾಗ ಲೆಕ್ಕ ಓಡಾಕತ್ತೈತಿ, ಬರಾಕಾಗಂಗಿಲ್ಲ' ಅಂದೆ. ಲೆಕ್ಕ ಮಾಡುವುದು ಯಂತ್ರ, ಕಾಯುವುದು ಇವಳಾ? ಯಾವನೋ ಹುಡುಗ ಇರಬೇಕು ಅಂದುಕೊಂಡೇ ಅವತ್ತು ಹೇಳದೆ ಕೇಳದೆ ಬುತ್ತಿ ಕಟ್ಟಿಕೊಂಡು ಬಳ್ಳಾರಿಗೆ ಬಂದದ್ದು. ನೀನೋ ತಲೆಯನ್ನೂ ಬಾಚದೆ ಪರದೆಯ ಮುಂದೆ ಕೂತಿದ್ದೆ! ಕೆಂಚನಗುಡ್ಡದ ಹತ್ತಿರ ಹೊಳೆ ಏರಿದರೆ ನೀರು ಯಾರ ಹೊಲಕ್ಕೆ ನುಗ್ಗುತ್ತದೆಂದು ತೋರಿಸಿದೆ. 'ಲೆಕ್ಕ ನಡುವ ನಿಂತರ ಮತ್ತ ಮೊದಲಿಂದ ಓಡಿಸಬೇಕವ್ವಾ' ಅಂದೆ. ಆ ಮಾತು ನನ್ನೆದೆಯಲ್ಲಿ ಕೂತುಬಿಟ್ಟಿದೆ.

ಈಗ ಅನುಮಾನ ಈ ಮನೆಯವರ ಮೇಲೆ. ಚೆನ್ನಾಗಿಯೇ ಇದ್ದ ನನ್ನ ಫೋನನ್ನು ನಿಮ್ಮಪ್ಪ ರಿಪೇರಿಗೆಂದು ಒಯ್ದವರು ಇನ್ನೂ ತಂದಿಲ್ಲ. ಅದಕ್ಕೇ ಈ ಪತ್ರ. ನಿಮ್ಮ ಚಿಕ್ಕಪ್ಪ ಕರಿಬಸವ ಕುರುಗೋಡಿನಿಂದ ಮೇಲಿಂದ ಮೇಲೆ ಬರುತ್ತಾನೆ. ನಾನು ಚಹಾ ತಂದರೆ ಇಬ್ಬರೂ ಗಪ್‌ಚುಪ್. ನಿನ್ನೆ ನಿಮ್ಮಪ್ಪ ಪಡಸಾಲೆಗೆ ಸುಣ್ಣ ಹೊಡೆಸಿದರು. ಯಾಕ್ರಿ ಅಂದರೆ, 'ಸುಮ್ನ ಹೊಡಿಸೀನಿ ಬಿಡು' ಅನ್ನುತ್ತಾರೆ. ನಾನು ಮದುವೆಯಾಗಿ ಬಂದಾಗಿನಿಂದ ಈ ಮನುಷ್ಯ ಸುಮ್ಮನೆ ಗೋಡೆಗೆ ಒಂದು ಮೊಳೆ ಹೊಡೆದದ್ದಿಲ್ಲ!

ನಾನು ಪಿಯುಸಿ ಓದುವಾಗ ನಮ್ಮಪ್ಪನೂ ಹೀಗೇ ಎಲ್ಲ ಮುಚ್ಚಿಟ್ಟು ಹಾಸ್ಟೆಲಿಗೆ ಹೇಳಿಕಳಿಸಿದ್ದ: 'ನಿಮ್ಮವ್ವಗ ಆರಾಮಿಲ್ಲ, ಲಗೂನ ಬಾ.' ಅಳುತ್ತಾ ಓಡಿಬಂದೆ. ಪಡಸಾಲೆಯಲ್ಲಿ ಗಂಡಿನ ಕಡೆಯವರು ಕೂತಿದ್ದರು. ನಮ್ಮವ್ವ ಒಳಗೆ ಹೋಳಿಗೆ ಬೇಯಿಸುತ್ತಿದ್ದಳು. ನನ್ನ ಪುಸ್ತಕಗಳು ಹಾಸ್ಟೆಲಿನಲ್ಲೇ ಉಳಿದವು, ರೇಣುಕಾ. ತರಲು ಯಾರೂ ಹೋಗಲಿಲ್ಲ.

ಹೊಟ್ಟೆ ತುಂಬ ಉಣ್ಣು, ತಲೆಗೆ ಎಣ್ಣೆ ಹಚ್ಚಿಕೋ. ನಿನ್ನ ಲೆಕ್ಕ ನಡುವೆ ನಿಲ್ಲದೆ ಓಡಲಿ ಎಂದು ಹರಸುವ,

ನಿನ್ನ ಅವ್ವ
ದುರ್ಗಾದೇವಿ

ತಾ.ಕ.: ಜೀನ್ಸ್ ಹೊಲಿಯಲು ಬಳ್ಳಾರಿಗೆ ಹೋಗುವ ಪಕ್ಕದ ಮನೆಯ ಸುಂಕಲಮ್ಮ ಪತ್ರ ಒಯ್ಯಲು ಬಾಗಿಲಲ್ಲೇ ನಿಂತಿದ್ದಾಳೆ, ಬಸ್ಸಿಗೆ ಹೊತ್ತಾಯಿತು. ಈಗಷ್ಟೇ ಕರಿಬಸವನ ಬಾಯಿಂದ ಬಿತ್ತು: ಭಾನುವಾರ ನಿನ್ನನ್ನು ನೋಡಲು ಕುರುಗೋಡಿನವರು ಬರುತ್ತಾರಂತೆ, ಅವತ್ತೇ ಎಲೆಅಡಿಕೆ ಶಾಸ್ತ್ರ ಮುಗಿಸಿ ಮದುವೆಯನ್ನೂ ಗೊತ್ತುಮಾಡುತ್ತಾರಂತೆ. ಇನ್ನು ನನಗೆ ಆರಾಮಿಲ್ಲವೆಂದು ನಿನಗೆ ಫೋನ್ ಬಂದೇ ಬರುತ್ತದೆ. ಸತ್ತೇಹೋದಳು ಅಂದರೂ ಬರಬೇಡ. ನಾನು ಒಳಗೆ ಹೋಳಿಗೆ ಬೇಯಿಸುತ್ತಿರುತ್ತೇನೆ.