ಬೋಳು ಮರದ ಕವಿತೆ

ಅಕ್ಟೋಬರ್ 28, ಮಂಗಳವಾರ

ಪ್ರೀತಿಯ ಅಕ್ಕ,

ನಿನ್ನ ಪತ್ರ ಬಂದು ಎಷ್ಟೋ ದಿನವಾಯಿತು. ಉತ್ತರ ಬರೆಯದೆ ಕುಳಿತ ತಂಗಿಯ ಮೇಲೆ ನಿನಗೆ ಸಿಟ್ಟು ಬಂದಿದ್ದರೆ ತಪ್ಪೇನಿಲ್ಲ. ಕೀಮೋ ಚಿಕಿತ್ಸೆಯಾದ ಮೇಲಿನ ದಿನಗಳಲ್ಲಿ ಪೆನ್ನು ಹಿಡಿದರೆ ಬೆರಳು ಜೋಮು ಹಿಡಿಯುತ್ತದೆ. ಈಗ ಪರವಾಗಿಲ್ಲ, ಊಟ ಸೇರುತ್ತಿದೆ. ಬಟ್ಟೆ ಅಂಗಡಿಯವರು ರಜೆ ಮುಂದುವರಿಸಿದ್ದಾರೆ. ನನ್ನ ಹೊಲಿಗೆ ಯಂತ್ರಕ್ಕೂ ರಜೆ. ಕೂದಲು ಮಾತ್ರ ಪೂರ್ತಿ ಹೋಯಿತು. ಮಿಕ್ಕ ಲೈನಿಂಗ್ ಬಟ್ಟೆಯಲ್ಲಿ ತಲೆಗೊಂದು ವಸ್ತ್ರ ಹೊಲಿದುಕೊಂಡಿದ್ದೇನೆ. ಅದಿಲ್ಲದೆ ಕನ್ನಡಿ ನೋಡಿದರೆ ಥೇಟ್ ನಮ್ಮಜ್ಜ!

ಭಾನುವಾರ ಗ್ರಂಥಾಲಯದಲ್ಲಿ ಕವಿಗೋಷ್ಠಿ ಇತ್ತು, ಎಲೆ ಉದುರುವ ಕಾಲದ ಬಗ್ಗೆ. ನಮ್ಮ ಮನೆಯವರೂ ಓದುವವರಿದ್ದರು. ಹಠ ಮಾಡಿ ನಾನೂ ಹೋದೆ. ಒಬ್ಬ ಕವಿಗೆ ಉದುರಿದ ಎಲೆಗಳು ಇನ್ನೂ ಆರದ ಕೆಂಡ, ಇನ್ನೊಬ್ಬರಿಗೆ ವಿಳಾಸ ತಪ್ಪಿದ ಕಾಗದ. ಮುದುಕರೊಬ್ಬರು ಬೆಳಗಿನ ಮಂಜನ್ನು ಯಾರೋ ಮರೆತುಹೋದ ಶಾಲು ಅಂದರು. ಸಂಜೆಯ ಬಿಸಿಲನ್ನು ಹೊರಡಲು ಮನಸ್ಸಿಲ್ಲದೆ ಹೊಸ್ತಿಲಲ್ಲೇ ನಿಂತ ನೆಂಟ ಎಂದವರೂ ಇದ್ದರು; ಅದು ನನಗೆ ಬಹಳ ಹಿಡಿಸಿತು. ಎಲೆ ಮಾತ್ರ ಎಲೆಯಾಗಿ ಒಬ್ಬರಿಗೂ ಕಾಣಲಿಲ್ಲ ನೋಡು!

ಕೊನೆಗೆ ಇವರು ಎದ್ದರು. ಇವರ ಕವಿತೆಯಲ್ಲಿ ಒಂದು ಮರ ಕಿಟಕಿಯ ಬಳಿ ಜಡೆ ಬಿಚ್ಚಿ ಕುಳಿತಿದೆ. ಬಾಚಿದಷ್ಟೂ ಎಲೆಗಳು ಬಾಚಣಿಗೆಗೆ ಬರುತ್ತವೆ. ಕಡೆಯ ಎಲೆಯೂ ಹೋದ ಮೇಲೆ ಕೊಂಬೆಗಳ ನಡುವೆ ಆಕಾಶ ಕಾಣುತ್ತದೆ, ಮರ ಮೊದಲಿಗಿಂತ ಚೆಲುವಾಗುತ್ತದೆ.

ಅಕ್ಕ, ಆ ಬಾಚಣಿಗೆ ನನ್ನದು. ಕಿಟಕಿಯೂ ನಮ್ಮ ಮಲಗುವ ಕೋಣೆಯದೇ.

ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಪಕ್ಕದ ಹೆಂಗಸು ಕಣ್ಣೊರೆಸಿಕೊಂಡು, "ಎಷ್ಟು ಚೆನ್ನಾಗಿ ಬರೆದಿದ್ದಾರೆ ಅಲ್ವಾ?" ಅಂದಳು. "ಹೂಂ" ಅಂದೆ. ನಿಜಕ್ಕೂ ಚೆನ್ನಾಗಿತ್ತು.

ಬಸ್ಸಿನಲ್ಲಿ ಇವರನ್ನು ಕೇಳಿದೆ, "ಆ ಮರ ನಾನೇ ಅಲ್ವಾ?"

"ಅದು ಬರೀ ಪ್ರತಿಮೆ ಕಣೇ. ಹಾಗೆಲ್ಲ ಮೈಮೇಲೆ ಎಳ್ಕೋಬಾರ್ದು."

"ಅವತ್ತು ಬೆಳಿಗ್ಗೆ ನನ್ನ ಕೂದಲು ಬಾಚಣಿಗೆಗೆ ಬರ್ತಿದ್ದಾಗ ನೀವು ಬಾಗಿಲಲ್ಲೇ ನಿಂತಿದ್ರಿ. ಒಳಗೆ ಬರಬಹುದಿತ್ತು."

ಇವರು ಮೆಲ್ಲಗೆ, "ಬಂದು ಏನಂತ ಮಾತಾಡ್ಲಿ? ನಂಗೆ ಭಯ ಆಗುತ್ತೆ. ಬರೆಯೋದಾದ್ರೆ ಹೇಗೋ ಬರೀತೀನಿ" ಅಂದರು. ನನ್ನ ಸಿಟ್ಟು ಇಳಿದುಹೋಯಿತು, ಸಂಕಟ ಇಳಿಯಲಿಲ್ಲ.

ಮದುವೆಯಾದಾಗಿನಿಂದ ಇವರ ಕವಿತೆಗಳನ್ನು ಮೊದಲು ಕೇಳುವವಳು ನಾನೇ. ಅವುಗಳಲ್ಲಿ ನಾನು ನದಿಯಾದೆ, ದೀಪವಾದೆ, ಬೆಳದಿಂಗಳಾದೆ. ಪ್ರೀತಿಯೆಂದರೆ ಅಷ್ಟೇ ಅಂದುಕೊಂಡೆವು, ಇಬ್ಬರೂ. ಅದರ ಜೊತೆಗೆ ಒಂದಿಷ್ಟು ನೇರವಾಗಿ ಮಾತಾಡುವುದನ್ನೂ ರೂಢಿಸಿಕೊಂಡಿದ್ದರೆ ಈಗ ಎಷ್ಟು ಆಸರೆಯಾಗುತ್ತಿತ್ತು! ಆ ವಯಸ್ಸು ದಾಟಿಹೋಯಿತೇನೋ.

ಇದನ್ನೆಲ್ಲ ಭಾವನಿಗೆ ಹೇಳಬೇಡ. ಅವರ ಮಂಡಿನೋವು ಹೇಗಿದೆ? ಚಿಕ್ಕವಳು ಪಾಸಾದದ್ದು ಕೇಳಿ ಖುಷಿಯಾಯಿತು. ಹುಡುಗಿಯರಿಬ್ಬರಿಗೂ ಈ ಚಿಕ್ಕಮ್ಮನ ಆಶೀರ್ವಾದ. ನೂರು ಕಾಲ ನಗುನಗುತ್ತಾ ಬಾಳಲಿ. ನಿನಗೆ ನಮಸ್ಕಾರ.

ನಿನ್ನ
ಪುಟ್ಟಿ

ತಾ.ಕ.: ಬರುತ್ತೇನೆ ಅಂದಿದ್ದೀಯಲ್ಲ, ಹಣ್ಣು-ಗಿಣ್ಣು ಏನೂ ತರಬೇಡ. ಬಂದವಳೇ ನನ್ನ ತಲೆಯನ್ನೊಮ್ಮೆ ಸವರು, ಸಾಕು. ಕೂದಲು ಹೋದಂದಿನಿಂದ ಇವರು ಅಲ್ಲಿ ಕೈಯಿಟ್ಟಿಲ್ಲ.