ಹಸಿರು ಚುಕ್ಕೆಯ ಹಾಜರಿ

ಭಾನುವಾರ, ಅಕ್ಟೋಬರ್ ೧೨

ತಂಗಿಯ ಹೊಟ್ಟೆಯಲ್ಲಿ ಹುಟ್ಟಿ ನನ್ನ ಸೊಂಟದ ಮೇಲೆ ಬೆಳೆದ ಗುಬ್ಬಚ್ಚಿಗೆ, ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಸುದ್ದಿ ಓದಿ ಹಿಗ್ಗಿದೆ ಕಣೇ. ಹನ್ನೊಂದು ಜನಕ್ಕೆ ನೀನು ಮುಖ್ಯಸ್ಥೆ! ಮೂಗು ಒರೆಸಿಕೊಳ್ಳಲು ಬಾರದ ವಯಸ್ಸಿನಲ್ಲೇ ಅಕ್ಕಪಕ್ಕದ ಮಕ್ಕಳನ್ನೆಲ್ಲ ಮೆಟ್ಟಿಲ ಮೇಲೆ ಕೂರಿಸಿ ಆಳುತ್ತಿದ್ದವಳು ನೀನು. ನಿನ್ನಮ್ಮ ಫೋನಿನಲ್ಲಿ, "ನಿನ್ನ ಗದ್ದುಗೆ ಇವಳಿಗೆ ಬಂತಲ್ಲಕ್ಕಾ, ಇನ್ನು ಮನೇಲೂ ನಮ್ಮ ಹಾಜರಿ ಕೂಗ್ತಾಳೆ ನೋಡು" ಎಂದು ನಕ್ಕಳು. ನಾನೂ ನಕ್ಕೆ. ಆಮೇಲೆ ನೀನು ಜೊತೆಗೆ ಕಳಿಸಿದ್ದ ನಿಯಮದ ಹಾಳೆ ಓದಿದೆ. ನಗು ಅಲ್ಲಿಗೇ ನಿಂತಿತು.

ವಾರಕ್ಕೆ ಎರಡು ದಿನ ಕಚೇರಿ, ಮೂರು ದಿನ ಮನೆ. ಮನೆಯಲ್ಲಿದ್ದಾಗ ಪರದೆಯ ಮೇಲೆ ಹೆಸರಿನ ಪಕ್ಕದ ಚುಕ್ಕೆ ಹಸಿರಾಗಿಯೇ ಇರಬೇಕು. ಕೀಲಿ, ಮೌಸು ಮುಟ್ಟದೆ ಅದು ಹತ್ತು ನಿಮಿಷ ಹಳದಿಯಾದರೆ ಕಾರಣ ಬರೆದುಕೊಡಬೇಕು. "ನಿನ್ನ ಕಾಲದಲ್ಲೂ ಹೀಗೇ ಇತ್ತಲ್ಲ ದೊಡ್ಡಮ್ಮಾ, ಶುಕ್ರವಾರದೊಳಗೆ ಸಹಿ ಹಾಕು ಅಂತಿದಾರೆ, ಹಾಕ್ಲಾ?" ಎಂದು ಕೇಳಿದ್ದೀಯ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನನಗೆ ನಾಲ್ಕು ಬುದ್ಧಿಮಾತು ಹೇಳಿ ಜಾರಿಕೊಳ್ಳುವ ಚಾಳಿಯಿದೆ. ಅದಕ್ಕೇ ಕಾಗದ ಹಿಡಿದು ಕೂತೆ.

ನಾನು ಓದಿದ್ದು ಏಳನೆಯ ಕ್ಲಾಸು. ನಕಲು ಕಚೇರಿಗೆ ಸೇರಿದ್ದು ಕಡತದ ಕಟ್ಟು ಕಟ್ಟಲು. ಊಟದ ಹೊತ್ತಿನಲ್ಲಿ ಬೇರೆಯವರ ಕುರ್ಚಿಯಲ್ಲಿ ಕೂತು ಒಂದೊಂದೇ ಅಕ್ಷರ ಕುಟ್ಟಿ ಕಲಿತೆ. ಆಸ್ಪತ್ರೆಗಳ ಹಳೆಯ ಕೈಬರಹದ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವುದು ನಮ್ಮ ಕೆಲಸ. ಕೊನೆಗೆ ಹದಿನಾಲ್ಕು ಜನರ ಮೇಲೆ ಕೂತೆ. ಎಲ್ಲರೂ ಒಂದೇ ಕೋಣೆಯಲ್ಲಿದ್ದಾಗ ನನಗೆ ಯಾವ ನಿಯಮವೂ ಬೇಕಿರಲಿಲ್ಲ. ಯಾರಿಗೆ ಜ್ವರ, ಯಾರು ಗಂಡನ ಜೊತೆ ಜಗಳವಾಡಿ ಬಂದಿದ್ದಾರೆ ಎಂಬುದು ಕೀಲಿ ಒತ್ತುವ ಸದ್ದಿನಲ್ಲೇ ತಿಳಿಯುತ್ತಿತ್ತು.

ಆಮೇಲೆ ಎಲ್ಲರನ್ನೂ ಮನೆಗೆ ಕಳಿಸಿದರು. ಖಾಲಿ ಕುರ್ಚಿಗಳ ಮಧ್ಯೆ ನಾನೊಬ್ಬಳೇ ಕಣ್ಣು ಕಟ್ಟಿದವಳ ಹಾಗೆ. ಮೇಲಿನವರು, "ಅವರು ಕೆಲಸ ಮಾಡ್ತಿದಾರೆ ಅಂತ ನಿಮಗೆ ಹೇಗೆ ಗೊತ್ತು?" ಎಂದು ಕೇಳಿದರು. ಪದವಿಯಿಲ್ಲದವಳು ತಾನೆ, ಅಷ್ಟಕ್ಕೇ ಅಳುಕಿದೆ. ಮರುದಿನವೇ ಹಸಿರು ಚುಕ್ಕೆಯ ನಿಯಮ ಬರೆದೆ. ಹೌದು ಗುಬ್ಬಚ್ಚಿ, ಅದನ್ನು ಬರೆದವಳು ನಾನೇ. ಶಹಬ್ಬಾಸ್ ಅನ್ನಿಸಿಕೊಂಡೆ ಕೂಡ.

ನಮ್ಮಲ್ಲಿ ಹಿರಿಯರೊಬ್ಬರಿದ್ದರು. ರಜೆ ಕೇಳಲು ಬಂದವರ ಅರ್ಜಿಯ ಕಾಗುಣಿತವನ್ನೂ ತಿದ್ದಿ ಕಳಿಸುವವರು. ಹಾಗಾಗಿ ಎಲ್ಲರಿಗೂ ಮೇಷ್ಟ್ರು. ಡಾಕ್ಟರುಗಳ ಕಾಗೆಕಾಲಿನ ಬರಹ ಅವರ ಹೊರತು ಇನ್ನಾರಿಗೂ ಓದಲು ಬರುತ್ತಿರಲಿಲ್ಲ. ನಿಯಮ ಬಂದ ಮೊದಲ ವಾರ ಅವರ ಚುಕ್ಕೆ ಇಪ್ಪತ್ತು ನಿಮಿಷ ಹಳದಿಯಾಯಿತು. ಕಾರಣ ಕೇಳಿದೆ. "ಬಚ್ಚಲಿಗೆ ಹೋಗಿದ್ದೆ ಮೇಡಂ. ವಿವರ ಬೇಕಿದ್ದರೆ ಪ್ರತ್ಯೇಕ ಹಾಳೆಯಲ್ಲಿ ಬರೆದುಕೊಡುತ್ತೇನೆ" ಎಂದು ಎಲ್ಲರೂ ಓದುವ ಹಾಗೆ ಬರೆದರು. ಎಲ್ಲರೂ ನಕ್ಕರು. ನನಗೂ ನಗು ಬಂತು. ಆದರೂ, "ಇನ್ನು ಮೇಲೆ ಹೇಳಿ ಹೋಗಿ" ಎಂದು ಬರೆದೆ. ಅಲ್ಲಿಂದ ಮುಂದೆ ಅವರ ಚುಕ್ಕೆ ಹಳದಿಯಾಗಲೇ ಇಲ್ಲ.

ಹಾಗಿರುವಾಗ ಒಂದು ವಾರ ಅವರ ಹೆಂಡತಿ ಬೇರೆ ಊರಿನಲ್ಲಿದ್ದ ತಮ್ಮ ತಂಗಿಯ ಮನೆಗೆ ಹೋಗಿದ್ದರು. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ನಾನೊಂದು ಕಡತ ಕಳಿಸಿದೆ. "ಸರಿ ಮೇಡಂ" ಎಂದು ಉತ್ತರ ಬಂತು. ಆಮೇಲೆ ಇಡೀ ದಿನ ಹಸಿರು. ಬುಧವಾರವೂ ಹಸಿರು. ಮಾಡಿದ ಕೆಲಸ ನೋಡುವುದು ಶುಕ್ರವಾರಕ್ಕೊಮ್ಮೆ, ದಿನದಿನಕ್ಕೆ ನೋಡುವುದು ಚುಕ್ಕೆ ಮಾತ್ರ. ಬುಧವಾರ ಸಂಜೆ ನಾಲ್ಕಕ್ಕೆ ಎಲ್ಲರಿಗೂ ಬರೆದೆ: "ಮೇಷ್ಟ್ರನ್ನು ನೋಡಿ ಕಲಿಯಿರಿ. ಎರಡು ದಿನದಿಂದ ಕೂತ ಜಾಗ ಬಿಟ್ಟು ಎದ್ದಿಲ್ಲ." ಹದಿಮೂರು ಜನ ಹೆಬ್ಬೆರಳು ಎತ್ತಿದರು. ಒಬ್ಬಳು, "ಮೇಷ್ಟ್ರೇ, ಒಂದು ಲೋಟ ನೀರಾದ್ರೂ ಕುಡೀರಿ" ಎಂದು ಕಿಚಾಯಿಸಿದಳು. ಅವರಿಂದ ಉತ್ತರವಿಲ್ಲ. ಸಂಕೋಚದ ಮನುಷ್ಯ ಅಂದುಕೊಂಡೆ.

ಗುರುವಾರ ಅವರ ಹೆಂಡತಿ ಊರಿಂದ ಬಂದು, ಅಕ್ಕಪಕ್ಕದವರ ಕೈಯಲ್ಲಿ ಬಾಗಿಲು ಮುರಿಸಿದರು. ಮೇಷ್ಟ್ರು ಒಳಕೋಣೆಯ ಮಂಚದ ಮೇಲೆ ಗೋಡೆಯ ಕಡೆ ಹೊರಳಿ ಮಲಗಿದ್ದರಂತೆ. ಹೃದಯ ನಿಂತು ಬಹಳ ಹೊತ್ತಾಗಿತ್ತು. ಹೊರಕೋಣೆಯ ಮೇಜಿನ ಮೇಲೆ ಅವರ ಕೈಗಡಿಯಾರ, ಅದರ ಗಾಜಿನ ಮೇಲೆ ಮೌಸು. ಕೆಳಗೆ ಸೆಕೆಂಡಿನ ಮುಳ್ಳು ಸುತ್ತುತ್ತಿದ್ದರೆ ಯಂತ್ರಕ್ಕೆ ಮನುಷ್ಯನ ಕೈ ಆಡಿದಂತೆ ಕಾಣುತ್ತದಂತೆ, ನನಗೆ ಗೊತ್ತೇ ಇರಲಿಲ್ಲ. ಆ ಮನುಷ್ಯ ಒಂದು ದಿನವೂ ಕೆಲಸ ಕದ್ದವರಲ್ಲ ಪುಟ್ಟಾ. ಅವರಿಗೆ ಎದೆ ಹಿಡಿದುಕೊಂಡಿರಬೇಕು, ಸ್ವಲ್ಪ ಹೊತ್ತು ಮಲಗೋಣ ಅನ್ನಿಸಿರಬೇಕು. ಮಲಗುವುದಕ್ಕೂ ಮುಂಚೆ ಅವರು ಮಾಡಿದ ಕೆಲಸ ಡಾಕ್ಟರಿಗೆ ಫೋನಲ್ಲ, ನನ್ನ ಚುಕ್ಕೆಗೆ ವ್ಯವಸ್ಥೆ.

ಹತ್ತು ದಿನ ಕಳೆದಿತ್ತು. ಅವರ ಹೆಸರನ್ನು ಪಟ್ಟಿಯಿಂದ ತೆಗೆಯಲು ಯಾರಿಗೂ ನೆನಪಾಗಿರಲಿಲ್ಲ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅವರ ಚುಕ್ಕೆ ಹಸಿರಾಯಿತು. ಹದಿಮೂರು ಜನರೂ ನೋಡಿರಬೇಕು. "ಯಾರು?" ಎಂದು ಒತ್ತಿದೆ. ಬಹಳ ಹೊತ್ತಾದ ಮೇಲೆ ಒಂದೊಂದೇ ಪದ ಬಂತು. "ನಾನು ಅವರ ಹೆಂಡ್ತಿ. ಮೇಜು ಒರೆಸ್ತಿದ್ದೆ, ಇದು ಹತ್ಕೊಂಡ್ತು. ಇದನ್ನ ಆರಿಸೋದು ಹೇಗೆ?"

ಹೇಗೆಂದು ಬರೆದೆ. ಅವರು ಇನ್ನೊಂದು ಮಾತು ಕೇಳಿದರು, ಅದಕ್ಕೂ ಉತ್ತರ ಕೊಟ್ಟೆ. ಚುಕ್ಕೆ ಆರಿತು.

ಮೂರು ವರ್ಷವಾಯಿತು. ನಿವೃತ್ತಿಯೂ ಆಯಿತು. ಆದರೂ ರಸ್ತೆ ದಾಟಲು ಹಸಿರು ದೀಪ ಬಿದ್ದರೆ ನನ್ನ ಕಾಲು ಏಳುವುದಿಲ್ಲ, ಹಿಂದಿನವರು ಗೊಣಗುತ್ತಾರೆ. ಮನೆಯಲ್ಲಿ ಫೋನಿನ ಚಾರ್ಜರಿನ ಹಸಿರು ದೀಪಕ್ಕೆ ಕರವಸ್ತ್ರ ಹೊದಿಸುತ್ತೇನೆ. "ಅದಕ್ಕೂ ಚಳಿಯಾಗುತ್ತೇನೇ?" ಎಂದು ನಿನ್ನ ದೊಡ್ಡಪ್ಪ ಹಾಸ್ಯ ಮಾಡುತ್ತಾರೆ. ಅವರಿಗೆ ನಾನು ಏನೂ ಹೇಳಿಲ್ಲ.

ಸಹಿ ಹಾಕಬೇಡ ಗುಬ್ಬಚ್ಚಿ. "ಕೆಲಸ ಮಾಡ್ತಿದಾರೆ ಅಂತ ಹೇಗೆ ಗೊತ್ತು?" ಎಂದು ನಿನ್ನನ್ನೂ ಕೇಳುತ್ತಾರೆ. ಮಾಡಿದ ಕೆಲಸ ಓದುತ್ತೇನೆ, ಗೊತ್ತಾಗುತ್ತದೆ ಎನ್ನು. ಮನೆಯಲ್ಲಿರುವ ದಿನ ಒಬ್ಬೊಬ್ಬರಿಗೂ ಒಂದು ಫೋನ್ ಮಾಡು. ಲೆಕ್ಕ ಕೇಳಲು ಅಲ್ಲ, ದನಿ ಕೇಳಲು. ದನಿ ಸರಿಯಿಲ್ಲದಿದ್ದರೆ, ಹೋಗಿ ಮಲಗಿ ಎನ್ನು. ಅಷ್ಟಕ್ಕೇ ಕುರ್ಚಿ ಕಿತ್ತುಕೊಂಡರೆ ಕಿತ್ತುಕೊಳ್ಳಲಿ. ನಿನ್ನಮ್ಮ ಬೈದರೆ ನನ್ನ ಹೆಸರು ಹೇಳು.

ಹೊತ್ತಿಗೆ ಸರಿಯಾಗಿ ಉಣ್ಣು. ಕನ್ನಡಕ ಬದಲಿಸು ಎಂದು ಎಷ್ಟು ಸಲ ಹೇಳಲಿ.

ಸದಾ ನಿನ್ನನ್ನೇ ನೆನೆಯುವ,
ದೊಡ್ಡಮ್ಮ

ಮತ್ತೆ ಒಂದು ಮಾತು: ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ಆ ಬುಧವಾರ ಬೆಳಿಗ್ಗೆ ಮೇಷ್ಟ್ರ ಹೆಂಡತಿ ನನಗೆ ಫೋನ್ ಮಾಡಿದ್ದರು. "ನಿನ್ನೆಯಿಂದ ಫೋನ್ ಎತ್ತುತ್ತಿಲ್ಲ ಮೇಡಂ, ಈಗಲೇ ಹೊರಟು ಬರ್ಲಾ?" ಎಂದರು. ನಾನು ಪರದೆ ನೋಡಿ, "ಗಾಬರಿಯಾಗಬೇಡಿ, ನನ್ನ ಕಣ್ಣೆದುರೇ ಕೆಲಸ ಮಾಡ್ತಿದಾರೆ" ಎಂದೆ. ಹತ್ತು ದಿನದ ಮೇಲೆ ಅವರು ಕೇಳಿದ ಇನ್ನೊಂದು ಮಾತು ಇದು: "ಬುಧವಾರ ನೀವು ನಿಜವಾಗ್ಲೂ ಅವರ ಹತ್ರ ಮಾತಾಡಿದ್ರಾ?" ಹೌದು, ಚೆನ್ನಾಗಿಯೇ ಮಾತಾಡಿದರು ಎಂದು ಬರೆದೆ. ಅಷ್ಟರಲ್ಲಾಗಲೇ ನಾನು ದಾಖಲೆ ತೆಗೆದು ನೋಡಿಯಾಗಿತ್ತು. ಮಂಗಳವಾರ ಹತ್ತೂವರೆಯ ನಂತರ ಮೇಷ್ಟ್ರು ಒಂದಕ್ಷರವನ್ನೂ ಒತ್ತಿರಲಿಲ್ಲ.

ಹೋದ ತಿಂಗಳು ಔಷಧಿ ಅಂಗಡಿಯಲ್ಲಿ ಆಕೆ ಸಿಕ್ಕರು. ನನ್ನ ಕೈ ಹಿಡಿದುಕೊಂಡು, "ತಂಗಿ ಇನ್ನೊಂದಿನ ಇರು ಅಂದ್ಲು, ಉಳ್ಕೊಂಡೆ. ಬುಧವಾರವೇ ಬಂದಿದ್ರೆ ಬದುಕ್ತಿದ್ರು. ಅವಳ ಮುಖ ನೋಡಿ ಮೂರು ವರ್ಷ ಆಯ್ತು" ಎಂದರು. ನಾನು ಮಾತ್ರೆ ಎಣಿಸುತ್ತ ನಿಂತೆ.

ಈ ಕಾಗದವನ್ನು ಅಂಚೆ ಡಬ್ಬಿಗೆ ಹಾಕಿ ಅಲ್ಲಿಂದ ನೇರ ಅವರ ಮನೆಗೆ ಹೋಗುತ್ತೇನೆ. ಇದನ್ನು ಮಾತ್ರ ಬರೆದು ಕಳಿಸಬಾರದು. ಮೊದಲು, ಮೇಷ್ಟ್ರು ಹೋದದ್ದು ಮಂಗಳವಾರವೇ, ಬುಧವಾರ ನಾನು ಮಾತಾಡಿದ್ದು ಸುಳ್ಳು ಎಂದು ಹೇಳುತ್ತೇನೆ, ಆಮೇಲೆ ತಂಗಿಯ ಹೆಸರು ಹೇಳಿ, ಅವಳ ತಪ್ಪಿಲ್ಲ ಎನ್ನುತ್ತೇನೆ. ನನ್ನ ಮುಖ ಕಂಡು ಬಾಗಿಲು ಹಾಕಿಕೊಂಡರೆ, ತೆರೆಯುವ ತನಕ ಹೊರಗೇ ಕೂತಿರುತ್ತೇನೆ.